ಬಂದು ಮರೆಯಾಗುವ ಸಂದೇಶಕ್ಕೆ ಏನನ್ನು ಒಪ್ಪಿಸಬಹುದು

ಮುಂಬಯಿ ಸಮೀಪದ ಡೊಂಬಿವಲಿಯಲ್ಲಿ ನಾವು ಕೆಲವು ಕನ್ನಡಿಗರು ಸೇರಿ ನಡೆಸುತ್ತಿರುವ ಪುಸ್ತಕ ಭಂಡಾರಕ್ಕೆ ನಾನು ಒಂದು ವೆಬ್ ಅಪ್ಲಿಕೇಶನ್ ಬರೆದುಕೊಟ್ಟಿದ್ದೇನೆ. ಸದಸ್ಯರಿಗೆ ಪುಸ್ತಕ ಕೊಡುವುದು, ಹಿಂದಕ್ಕೆ ಪಡೆಯುವುದು, ಹೊಸ ಪುಸ್ತಕಗಳನ್ನು ದಾಖಲಿಸುವುದು, ಅವಧಿ ಮೀರಿದವರಿಗೆ ನೆನಪಿಸುವುದು, ಇವಿಷ್ಟೇ ಅದರ ಕೆಲಸ. ಮೇಜಿನ ಬಳಿ ಕುಳಿತು ಅದನ್ನು ಬಳಸುವವರಲ್ಲಿ ಹೆಚ್ಚಿನವರು ಬ್ಯಾಂಕು, ಶಾಲೆ, ಹೋಟೆಲುಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು. ಈ ಅಪ್ಲಿಕೇಶನ್‌ಗೆ ಇತ್ತೀಚೆಗೆ ಟೋಸ್ಟ್ ಸೂಚನೆಗಳನ್ನು, ಅಂದರೆ ಪರದೆಯ ಅಂಚಿನಲ್ಲಿ ಮೂಡಿ ಸ್ವಲ್ಪ ಹೊತ್ತಿನ ಬಳಿಕ ತಾವಾಗಿಯೇ ಮರೆಯಾಗುವ ಸಣ್ಣ ಸಂದೇಶಗಳನ್ನು, ಸೇರಿಸಿದೆ. ಕೋಡ್ ಬರೆಯಲು ಹಿಡಿದ ಸಮಯಕ್ಕಿಂತ, ಯಾವ ಸಂದೇಶವನ್ನು ಟೋಸ್ಟ್‌ಗೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಲೇಬಾರದು ಎಂದು ತೀರ್ಮಾನಿಸಲು ಹಿಡಿದ ಸಮಯವೇ ಹೆಚ್ಚು. ಆ ತೀರ್ಮಾನಗಳನ್ನೂ ಅವುಗಳ ಹಿಂದಿನ ಕಾರಣಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಎಲ್ಲ ಸಂದೇಶಗಳೂ ಬ್ರೌಸರಿನ ಅಲರ್ಟ್ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಅಲರ್ಟ್ ತೆರೆದಿರುವಾಗ ಪುಟವನ್ನು ನಡೆಸುವ ಜಾವಾಸ್ಕ್ರಿಪ್ಟ್ ಕೋಡ್ ಪೂರ್ತಿಯಾಗಿ ನಿಂತುಬಿಡುತ್ತದೆ. ಓಕೆ ಒತ್ತುವವರೆಗೆ ಮುಂದಿನ ಯಾವ ಕೆಲಸವೂ ನಡೆಯುವುದಿಲ್ಲ. ಅದರ ಅಕ್ಷರದ ಗಾತ್ರವನ್ನಾಗಲಿ, ಬಣ್ಣವನ್ನಾಗಲಿ, ಬಟನ್ನಿನ ಮೇಲಿನ ಪದವನ್ನಾಗಲಿ ನಾವು ಬದಲಿಸಲಾಗದು. ಭಾನುವಾರ ಬೆಳಿಗ್ಗೆ ಸದಸ್ಯರು ಸಾಲುಗಟ್ಟಿ ನಿಂತಾಗ ಪ್ರತಿ ಪುಸ್ತಕಕ್ಕೂ ಒಂದು ಓಕೆ ಒತ್ತಬೇಕಾದ ಕಾರ್ಯಕರ್ತರ ಬೆರಳು ಬಹು ಬೇಗ ಪಳಗುತ್ತದೆ, ಮತ್ತು ಪಳಗಿದ ಬೆರಳು ಕಣ್ಣು ಓದುವುದಕ್ಕಾಗಿ ಕಾಯುವುದಿಲ್ಲ. ‘ಪುಸ್ತಕ ನೀಡಲಾಗಿದೆ’ ಎಂಬ ಸಂದೇಶವೂ ‘ಉಳಿಸಲು ಸಾಧ್ಯವಾಗಲಿಲ್ಲ’ ಎಂಬ ಸಂದೇಶವೂ ಒಂದೇ ರೂಪದ ಪೆಟ್ಟಿಗೆಯಲ್ಲಿ ಬಂದಾಗ ಎರಡೂ ಒಂದೇ ವೇಗದಲ್ಲಿ ಮುಚ್ಚಲ್ಪಡುತ್ತವೆ. ಅಲರ್ಟ್‌ನ ನಿಜವಾದ ಅಪಾಯ ಅದರ ಕುರೂಪದಲ್ಲಿಲ್ಲ, ಈ ಅಭ್ಯಾಸದಲ್ಲಿದೆ.

ಹಾಗೆಂದು ಅಲರ್ಟ್ ಇದ್ದಲ್ಲೆಲ್ಲ ಟೋಸ್ಟ್ ಇಟ್ಟರೆ ತೊಂದರೆ ಪರಿಹಾರವಾಗುವುದಿಲ್ಲ, ಬೇರೆ ರೂಪ ತಾಳುತ್ತದೆ. ಅಲರ್ಟ್ ಓದದೆಯೇ ಮುಚ್ಚಲ್ಪಡುತ್ತಿತ್ತು. ಟೋಸ್ಟ್ ಓದುವ ಮೊದಲೇ ಮುಚ್ಚಿಕೊಳ್ಳುತ್ತದೆ. ನಮ್ಮ ಹಿರಿಯ ಕಾರ್ಯಕರ್ತರೊಬ್ಬರು ತಮ್ಮ ಮೊಬೈಲಿನ ಬೇರಾವುದೋ ಆ್ಯಪ್ ಬಗ್ಗೆ, ‘ಎಂಥದೋ ಬಂತು, ಹೋಯ್ತು ಮಾರಾಯ್ರೆ, ಓದ್ಲಿಕ್ಕೇ ಆಗ್ಲಿಲ್ಲ’ ಎಂದು ನನ್ನಲ್ಲಿ ಹೇಳಿದ್ದರು. ಅವರ ದೂರು ನ್ಯಾಯವಾದದ್ದು. ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಕೇಳಿಬರುವ ಘೋಷಣೆಗೂ ಪ್ಲಾಟ್‌ಫಾರ್ಮಿನ ಇಂಡಿಕೇಟರಿಗೂ ಇರುವ ವ್ಯತ್ಯಾಸವನ್ನು ಮುಂಬಯಿಯ ಯಾರಿಗೂ ವಿವರಿಸಬೇಕಾಗಿಲ್ಲ: ಘೋಷಣೆ ಕಿವಿಗೆ ಬೀಳದಿದ್ದರೂ ಇಂಡಿಕೇಟರ್ ಅಲ್ಲೇ ಇರುತ್ತದೆ ಎಂಬ ಭರವಸೆಯ ಮೇಲೆಯೇ ನಾವು ಓಡಾಡುತ್ತೇವೆ. ಟೋಸ್ಟ್ ಎಂಬುದು ಘೋಷಣೆ. ಅದು ಹೇಳಿದ್ದು ಇನ್ನೊಂದು ಕಡೆ ನಿಲ್ಲುವ ರೂಪದಲ್ಲಿ ಇದ್ದೇ ಇರಬೇಕು.

ಈ ನಿಯಮವನ್ನು ಹಿಡಿದು ಅಪ್ಲಿಕೇಶನ್ನಿನ ಎಲ್ಲ ಸಂದೇಶಗಳನ್ನೂ ಒಂದೊಂದಾಗಿ ಪರಿಶೀಲಿಸಿದೆ. ಪುಸ್ತಕ ಕೊಟ್ಟದ್ದು, ಪಡೆದದ್ದು, ಸದಸ್ಯರ ದೂರವಾಣಿ ಸಂಖ್ಯೆ ಬದಲಿಸಿದ್ದು, ಇಂಥವೆಲ್ಲ ಟೋಸ್ಟ್‌ಗೆ ಹೋದವು; ಏಕೆಂದರೆ ಸಂದೇಶ ತಪ್ಪಿಹೋದರೂ ಸದಸ್ಯರ ಪುಟದಲ್ಲಿ ಫಲಿತಾಂಶ ಕಣ್ಣಿಗೆ ಕಾಣುತ್ತದೆ. ಫಾರ್ಮಿನಲ್ಲಿ ತಪ್ಪು ತುಂಬಿದ್ದರೆ ಆ ಸೂಚನೆ ಟೋಸ್ಟ್ ಆಗಕೂಡದು. ಅದು ತಪ್ಪಾದ ಖಾನೆಯ ಕೆಳಗೇ ಇರಬೇಕು, ತಿದ್ದುವವರೆಗೆ ಇರಬೇಕು, ಖಾನೆಗೆ ಏರಿಯಾ-ಡಿಸ್ಕ್ರೈಬ್ಡ್‌ಬೈ (ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಇದು ಯಾವ ಖಾನೆಯ ವಿವರಣೆ ಎಂದು ತಿಳಿಸುವ ಗುಣ) ಮೂಲಕ ಜೋಡಣೆಯಾಗಿರಬೇಕು. ಸರ್ವರ್ ಉಳಿಸಲು ನಿರಾಕರಿಸಿದಾಗ ಬರುವ ಸಂದೇಶವೂ ಫಾರ್ಮಿನ ತಲೆಯಲ್ಲಿ ನಿಲ್ಲುತ್ತದೆ. ಸದಸ್ಯರೊಬ್ಬರ ಹೆಸರಿನಲ್ಲಿ ಅವಧಿ ಮೀರಿದ ಪುಸ್ತಕವಿದೆ ಎಂಬುದನ್ನು ಟೋಸ್ಟ್‌ನಲ್ಲಿ ತೋರಿಸೋಣ ಎಂಬ ಸಲಹೆ ಬಂದಿತ್ತು, ನಾನು ಒಪ್ಪಲಿಲ್ಲ. ಎದುರಿಗೆ ನಿಂತಿರುವ ಸದಸ್ಯರೊಡನೆ ಮಾತನಾಡಿ ಇತ್ಯರ್ಥ ಮಾಡಬೇಕಾದ ವಿಷಯವು ಮಾತು ಮುಗಿಯುವವರೆಗೆ ಪರದೆಯ ಮೇಲೆ ಇರಬೇಕಲ್ಲವೇ?

ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ತನ್ನ ಪ್ರೈಮರ್ ವಿನ್ಯಾಸ ವ್ಯವಸ್ಥೆಯಲ್ಲಿ ಟೋಸ್ಟ್‌ಗಳನ್ನು ಬಳಸಬೇಡಿ ಎಂದೇ ಸಲಹೆ ನೀಡುತ್ತದೆ, ಮತ್ತು ಅದು ಕೊಡುವ ಕಾರಣಗಳೆಲ್ಲ ಗಟ್ಟಿಯಾದವು. ಆದರೂ ನಾನು ಅಷ್ಟು ದೂರ ಹೋಗಲಿಲ್ಲ. ಬಾರ್‌ಕೋಡ್ ಸ್ಕ್ಯಾನರ್ ಹಿಡಿದು ಪುಸ್ತಕಗಳನ್ನು ಒಂದರ ಹಿಂದೊಂದರಂತೆ ಪಡೆದುಕೊಳ್ಳುತ್ತಿರುವವರಿಗೆ ‘ಆಯಿತು’ ಎಂಬ ಒಂದು ದೃಢೀಕರಣ ಬೇಕು, ಆದರೆ ಅದು ಅವರ ಕೈ ಹಿಡಿದು ನಿಲ್ಲಿಸಬಾರದು. ಈ ಒಂದು ಸಂದರ್ಭಕ್ಕೆ ಟೋಸ್ಟ್‌ಗಿಂತ ಒಳ್ಳೆಯ ರೂಪ ನನಗೆ ಕಾಣಲಿಲ್ಲ.

ಎಷ್ಟು ಹೊತ್ತು ನಿಲ್ಲಬೇಕು ಎಂಬುದು ನಂತರದ ಪ್ರಶ್ನೆ. ಆಂಡ್ರಾಯ್ಡ್‌ನ ಟೋಸ್ಟ್‌ನಲ್ಲಿ ಚಿಕ್ಕ ಅವಧಿ 2 ಸೆಕೆಂಡು, ದೊಡ್ಡ ಅವಧಿ 3.5 ಸೆಕೆಂಡು, ಬೂಟ್‌ಸ್ಟ್ರ್ಯಾಪ್ ಎಂಬ ವೆಬ್ ವಿನ್ಯಾಸ ಲೈಬ್ರರಿಯ 5ನೆಯ ಆವೃತ್ತಿಯಲ್ಲಿ ತಾನಾಗಿ ಮರೆಯಾಗುವ ಅವಧಿ 5 ಸೆಕೆಂಡು. ಇವೆಲ್ಲ ಪರದೆಯನ್ನೇ ನೋಡುತ್ತಿರುವವರಿಗೆ ಸಾಕಾಗಬಹುದು. ನಮ್ಮ ಮೇಜಿನಲ್ಲಿ ಕುಳಿತವರ ಕಣ್ಣು ಪುಸ್ತಕದ ಬೆನ್ನಿನ ಮೇಲೆ ಬರೆದ ದಾಖಲೆ ಸಂಖ್ಯೆಯಲ್ಲಿರುತ್ತದೆ, ಕೀಬೋರ್ಡಿನ ಮೇಲಿರುತ್ತದೆ, ಎದುರಿಗಿರುವವರ ಮುಖದ ಮೇಲಿರುತ್ತದೆ. ಪರದೆಗೆ ಮರಳುವಷ್ಟರಲ್ಲಿ ಅರ್ಧ ಅವಧಿ ಕಳೆದಿರುತ್ತದೆ. ಹಾಗಾಗಿ ಮೂಲ ಅವಧಿಯನ್ನು 6 ಸೆಕೆಂಡು ಎಂದಿಟ್ಟು, ಸಂದೇಶದ ಪ್ರತಿ ಪದಕ್ಕೂ ಅರ್ಧ ಸೆಕೆಂಡು ಸೇರಿಸಿದೆ. ಪದಗಳನ್ನೇ ಎಣಿಸಿದ್ದಕ್ಕೆ ಕಾರಣವಿದೆ. ಜಾವಾಸ್ಕ್ರಿಪ್ಟ್‌ನಲ್ಲಿ ಪಠ್ಯದ ಲೆಂಗ್ತ್ ಕೇಳಿದರೆ ಅದು ನಾವು ಅಕ್ಷರ ಎನ್ನುವುದನ್ನು ಎಣಿಸುವುದಿಲ್ಲ. ‘ಪುಸ್ತಕ’ ಎಂಬಲ್ಲಿ ನಮಗೆ ಮೂರು ಅಕ್ಷರ. ಕಂಪ್ಯೂಟರಿಗೆ ಪ, ಉಕಾರದ ಚಿಹ್ನೆ, ಸ, ವಿರಾಮ, ತ, ಕ ಎಂದು ಆರು. ಇಂಗ್ಲಿಷಿಗಾಗಿ ಬರೆದ ಅಕ್ಷರ ಲೆಕ್ಕದ ಸೂತ್ರವನ್ನು ಕನ್ನಡಕ್ಕೆ ಹಾಗೆಯೇ ಹಚ್ಚಿದರೆ ಒತ್ತಕ್ಷರ ಹೆಚ್ಚಿರುವ ಸಂದೇಶ ಸುಮ್ಮನೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಅವಧಿಯನ್ನು ಎಷ್ಟೇ ಜಾಣತನದಿಂದ ಲೆಕ್ಕ ಹಾಕಿದರೂ ಎಲ್ಲರಿಗೂ ಹೊಂದುವ ಅವಧಿ ಎಂಬುದು ಇಲ್ಲ. ವೆಬ್ ಪ್ರವೇಶಸಾಧ್ಯತೆಯ ಡಬ್ಲ್ಯೂಸಿಎಜಿ ಮಾರ್ಗಸೂಚಿಯ 2.2.1ನೆಯ ಮಾನದಂಡವು, ಪುಟ ವಿಧಿಸುವ ಕಾಲಮಿತಿಯನ್ನು ಬಳಕೆದಾರರು ತೆಗೆದುಹಾಕಲು, ಅಥವಾ ಕನಿಷ್ಠ 10 ಪಟ್ಟು ಹೆಚ್ಚಿಸಿಕೊಳ್ಳಲು, ಅಥವಾ ಮುಗಿಯುವ ಮುನ್ನ ಎಚ್ಚರಿಕೆ ಪಡೆದು ವಿಸ್ತರಿಸಲು ಅವಕಾಶವಿರಬೇಕು ಎನ್ನುತ್ತದೆ. ನಮ್ಮ ಸೆಟ್ಟಿಂಗ್ ಪುಟದಲ್ಲಿ ‘ಸೂಚನೆಗಳನ್ನು ನಾನೇ ಮುಚ್ಚುತ್ತೇನೆ’ ಎಂಬ ಒಂದು ಆಯ್ಕೆ ಇಟ್ಟೆ. ಅದನ್ನು ಗುರುತು ಮಾಡಿಕೊಂಡವರಿಗೆ ಯಾವ ಟೋಸ್ಟ್ ಕೂಡ ತಾನಾಗಿ ಮರೆಯಾಗುವುದಿಲ್ಲ. ಇದಲ್ಲದೆ ಮೌಸ್ ಟೋಸ್ಟ್‌ನ ಮೇಲಿದ್ದಾಗ, ಕೀಬೋರ್ಡ್ ಫೋಕಸ್ (ಕೀಲಿ ಒತ್ತಿದರೆ ಪ್ರತಿಕ್ರಿಯಿಸುವ ಜಾಗ) ಅದರ ಒಳಗಿದ್ದಾಗ ಗಡಿಯಾರ ನಿಲ್ಲುತ್ತದೆ. ಬ್ರೌಸರಿನ ಟ್ಯಾಬ್ ಮರೆಯಲ್ಲಿದ್ದಾಗಲೂ ನಿಲ್ಲಬೇಕು: ಸದಸ್ಯರ ವಾಟ್ಸ್‌ಆ್ಯಪ್ ಸಂದೇಶ ನೋಡಲು ಇನ್ನೊಂದು ಟ್ಯಾಬಿಗೆ ಹೋದವರು ಮರಳುವಷ್ಟರಲ್ಲಿ ಟೋಸ್ಟ್ ಬಂದು ಹೋಗಿದ್ದರೆ ಅದನ್ನು ತೋರಿಸಿದ್ದಕ್ಕೆ ಅರ್ಥವೇ ಇಲ್ಲ. ಪುಟದ ವಿಸಿಬಿಲಿಟಿ ಬದಲಾವಣೆಯ ಘಟನೆಯನ್ನು ಆಲಿಸಿ, ಪುಟ ಮತ್ತೆ ಕಣ್ಣಿಗೆ ಬಂದ ಮೇಲೆ ಉಳಿದ ಅವಧಿಯನ್ನು ಲೆಕ್ಕ ಹಾಕಿದರೆ ಸಾಕು.

ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಟೋಸ್ಟ್ ತಲುಪಿಸುವುದು ನಾನು ಅತ್ಯಂತ ಎಚ್ಚರದಿಂದ ಮಾಡಿದ ಭಾಗ. 2018ರಲ್ಲಿ ಬಂದ ಡಬ್ಲ್ಯೂಸಿಎಜಿ 2.1ರ 4.1.3ನೆಯ ಮಾನದಂಡವು, ಇಂಥ ಸ್ಥಿತಿ ಸಂದೇಶಗಳು ಫೋಕಸ್ ಕಸಿಯದೆಯೇ ಸಹಾಯಕ ತಂತ್ರಾಂಶಗಳಿಗೆ ತಿಳಿಯಬೇಕು ಎಂದು ಕೇಳುತ್ತದೆ. ಇದಕ್ಕಾಗಿ ಇರುವುದು ಲೈವ್ ರೀಜನ್, ಅಂದರೆ ತನ್ನೊಳಗಿನ ಪಠ್ಯ ಬದಲಾದಾಗ ಸ್ಕ್ರೀನ್ ರೀಡರಿಗೆ ತಿಳಿಸುವ ಪುಟದ ಭಾಗ. ರೋಲ್ ಎಂಬ ಗುಣಕ್ಕೆ ಸ್ಟೇಟಸ್ ಎಂದು ಕೊಟ್ಟ ಅಂಶಕ್ಕೆ ಏರಿಯಾ-ಲೈವ್ ಪೊಲೈಟ್ ಎಂಬುದೂ ಏರಿಯಾ-ಅಟಾಮಿಕ್ ಟ್ರೂ (ಸಂದೇಶವನ್ನು ಪೂರ್ತಿಯಾಗಿ ಓದು) ಎಂಬುದೂ ತಾನಾಗಿಯೇ ಅನ್ವಯಿಸುತ್ತವೆ. ಸ್ಕ್ರೀನ್ ರೀಡರ್ ತಾನು ಓದುತ್ತಿರುವುದನ್ನು ಮುಗಿಸಿ ಆಮೇಲೆ ಈ ಸಂದೇಶವನ್ನು ಓದುತ್ತದೆ. ರೋಲ್ ಅಲರ್ಟ್ ಆದರೆ ನಡುವೆಯೇ ಬಾಯಿ ಹಾಕುತ್ತದೆ, ಆದ್ದರಿಂದ ಅದನ್ನು ನಮ್ಮ ಟೋಸ್ಟ್‌ಗಳಲ್ಲಿ ಎಲ್ಲಿಯೂ ಬಳಸಿಲ್ಲ. ಅನೇಕರು ಎಡವುವ ಜಾಗ ಒಂದಿದೆ. ಸಂದೇಶವನ್ನೂ ಲೈವ್ ರೀಜನ್ನನ್ನೂ ಒಟ್ಟಿಗೆ ಪುಟಕ್ಕೆ ಸೇರಿಸಿದರೆ ಅದು ಓದಲ್ಪಡುತ್ತದೆ ಎಂಬ ಖಾತರಿ ಇಲ್ಲ. ಪುಟ ತೆರೆದಾಗಲೇ ಖಾಲಿ ರೀಜನ್ ಅಲ್ಲಿರಬೇಕು, ಪಠ್ಯ ಆಮೇಲೆ ಅದರೊಳಗೆ ಬರಬೇಕು. ನಮ್ಮಲ್ಲಿ ಕೆಲವು ಫಾರ್ಮುಗಳು ಉಳಿಸಿದ ಬಳಿಕ ಪೂರ್ತಿ ಹೊಸ ಪುಟಕ್ಕೆ ಹೋಗುತ್ತವೆ, ಸಂದೇಶವನ್ನು ಸರ್ವರ್ ಸೆಶನ್‌ನಲ್ಲಿ ಇಟ್ಟು ಹೊಸ ಪುಟದ ಜೊತೆ ಕಳುಹಿಸುತ್ತದೆ. ಅಲ್ಲಿ ಸಂದೇಶವನ್ನು ನೇರವಾಗಿ ಎಚ್‌ಟಿಎಂಎಲ್‌ನಲ್ಲಿ ಬರೆಯದೆ, ಪುಟ ಸಿದ್ಧವಾದ ಮೇಲೆ ಸ್ಕ್ರಿಪ್ಟ್ ಮೂಲಕ ರೀಜನ್‌ಗೆ ತುಂಬುತ್ತೇನೆ.

ಭಾಷೆಯ ಗುರುತನ್ನೂ ಮರೆಯಬಾರದು. ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತನಾಡುತ್ತಾರೆ, ಆದರೆ ಕನ್ನಡ ಲಿಪಿಯನ್ನು ಸರಾಗವಾಗಿ ಓದಲಾರರು. ಅವರಿಗಾಗಿ ಅಪ್ಲಿಕೇಶನ್ನಿನಲ್ಲಿ ಇಂಗ್ಲಿಷ್ ಮತ್ತು ಮರಾಠಿ ಆಯ್ಕೆಗಳಿವೆ. ಇಂಗ್ಲಿಷ್ ಪುಟದಲ್ಲಿ ಕನ್ನಡ ಪುಸ್ತಕದ ಹೆಸರಿರುವ ಟೋಸ್ಟ್ ಬಂದರೆ, ಆ ಹೆಸರಿನ ಭಾಗಕ್ಕೆ ಕನ್ನಡದ ಲ್ಯಾಂಗ್ ಗುರುತು ಇದ್ದರೆ ಅದನ್ನು ಕನ್ನಡ ಧ್ವನಿಗೆ ಒಪ್ಪಿಸಬೇಕೆಂದು ಸ್ಕ್ರೀನ್ ರೀಡರಿಗೆ ತಿಳಿಯುತ್ತದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಅದರೊಡನೆ ಬರುವ ಈಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶ ಕನ್ನಡವನ್ನು ಓದುತ್ತದೆ. ಧ್ವನಿ ಯಾಂತ್ರಿಕವೆನಿಸಿದರೂ ಪರೀಕ್ಷೆಗೆ ಧಾರಾಳ ಸಾಕು. ಪರೀಕ್ಷಿಸದೆ ಇರಲು ನಮಗೆ ನೆಪವಿಲ್ಲ.

ಇನ್ನು ಡಯಲಾಗ್‌ನ ವಿಷಯ. ಪುಸ್ತಕ ಕೊಡುವ ಫಾರ್ಮ್ ನಮ್ಮಲ್ಲಿ ಡಯಲಾಗ್ ಅಂಶದಲ್ಲಿ, ಅಂದರೆ ಪುಟದ ಮೇಲೆ ತೆರೆದುಕೊಳ್ಳುವ ಪೆಟ್ಟಿಗೆಯಲ್ಲಿ, ಶೋಮೋಡಲ್ ಮೂಲಕ ತೆರೆಯುತ್ತದೆ. ಹೀಗೆ ತೆರೆದ ಡಯಲಾಗ್ ಬ್ರೌಸರಿನ ಟಾಪ್ ಲೇಯರ್ ಎಂಬ ಮೇಲ್ಪದರಕ್ಕೆ ಏರುತ್ತದೆ. ಅದರ ಕೆಳಗಿನ ಪುಟದಲ್ಲಿರುವ ಟೋಸ್ಟ್‌ಗೆ ಝಡ್-ಇಂಡೆಕ್ಸ್ (ಯಾವುದು ಮೇಲೆ ಎಂದು ತಿಳಿಸುವ ಸಂಖ್ಯೆ) ಎಷ್ಟೇ ದೊಡ್ಡದಾಗಿ ಕೊಟ್ಟರೂ ಅದು ಮೇಲೆ ಬರುವುದಿಲ್ಲ. ಟೋಸ್ಟ್ ಕೂಡ ಅದೇ ಮೇಲ್ಪದರಕ್ಕೆ ಏರಬೇಕು, ಅದಕ್ಕೆ ದಾರಿ ಪಾಪ್‌ಓವರ್ ಎಂಬ ಎಚ್‌ಟಿಎಂಎಲ್ ಗುಣ. ಪಾಪ್‌ಓವರ್ ಗುಣಕ್ಕೆ ಮ್ಯಾನ್ಯುಅಲ್ ಎಂಬ ಬೆಲೆ ಕೊಟ್ಟರೆ ಹೊರಗೆ ಕ್ಲಿಕ್ ಮಾಡಿದಾಗ ಅದು ಮುಚ್ಚಿಕೊಳ್ಳುವುದಿಲ್ಲ, ಇನ್ನೊಂದು ತೆರೆದಾಗ ಮೊದಲನೆಯದು ಹೋಗುವುದೂ ಇಲ್ಲ. ಟೋಸ್ಟ್‌ಗೆ ಇವೆರಡೂ ಬೇಕು. ಬ್ರೌಸರ್ ಅದನ್ನು ಪರದೆಯ ನಡುವೆ ನಿಲ್ಲಿಸುತ್ತದೆ, ಆದ್ದರಿಂದ ಇನ್‌ಸೆಟ್ ಮತ್ತು ಮಾರ್ಜಿನ್ ಎರಡನ್ನೂ ನಾವೇ ಬದಲಿಸಿ ಮೂಲೆಗೆ ತರಬೇಕು. ಮೇಲ್ಪದರದಲ್ಲಿ ಕೊನೆಗೆ ಸೇರಿದ್ದು ಎಲ್ಲಕ್ಕಿಂತ ಮೇಲಿರುತ್ತದೆ. ಟೋಸ್ಟ್ ಇರುವಾಗಲೇ ಹೊಸ ಡಯಲಾಗ್ ತೆರೆದರೆ ಟೋಸ್ಟ್ ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ, ಅದನ್ನು ಒಮ್ಮೆ ಮುಚ್ಚಿ ಮತ್ತೆ ತೋರಿಸಬೇಕಾಗುತ್ತದೆ.

ಇಷ್ಟು ಮಾಡಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಮೋಡಲ್ ಡಯಲಾಗ್ ತೆರೆದಿರುವಾಗ ಅದರ ಹೊರಗಿನ ಸಮಸ್ತವೂ ನಿಷ್ಕ್ರಿಯವಾಗಿರುತ್ತದೆ, ಮೇಲ್ಪದರಕ್ಕೆ ಏರಿದ ಟೋಸ್ಟ್ ಕೂಡ. ಟೋಸ್ಟ್‌ನಲ್ಲಿ ಕಣ್ಣಿಗೆ ಕಾಣುವ ‘ರದ್ದುಮಾಡಿ’ ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಸ್ಕ್ರೀನ್ ರೀಡರಿಗಂತೂ ಆ ಟೋಸ್ಟ್ ಇಲ್ಲವೇ ಇಲ್ಲ. ಹಾಗಾಗಿ ಪ್ರತಿ ಡಯಲಾಗ್‌ನ ಒಳಗೂ ಟೋಸ್ಟ್‌ಗೆಂದೇ ಒಂದು ಖಾಲಿ ರೀಜನ್ ಇಟ್ಟಿದ್ದೇನೆ. ಸಂದೇಶ ತೋರಿಸುವ ಫಂಕ್ಷನ್ ತೆರೆದಿರುವ ಡಯಲಾಗ್ ಇದೆಯೇ ಎಂದು ಮೊದಲು ನೋಡಿ, ಇದ್ದರೆ ಅದರ ಒಳಗೆ, ಇಲ್ಲದಿದ್ದರೆ ಪುಟದ ರೀಜನ್‌ನಲ್ಲಿ ಸಂದೇಶವನ್ನು ಇಡುತ್ತದೆ. ಸಿದ್ಧ ಲೈಬ್ರರಿಯೊಂದನ್ನು ತಂದು ಜೋಡಿಸುವವರು ಕನಿಷ್ಠ ಈ ಒಂದು ಸಂದರ್ಭವನ್ನಾದರೂ ತಮ್ಮ ಅಪ್ಲಿಕೇಶನ್ನಿನಲ್ಲಿ ಪರೀಕ್ಷಿಸಿ ನೋಡಬೇಕು.

ಸ್ಕ್ಯಾನರ್ ಬಳಸುವಾಗ ಟೋಸ್ಟ್‌ಗಳು ಒಂದರ ಮೇಲೊಂದು ರಾಶಿಯಾಗುವುದನ್ನು ತಡೆಯಲು, ಒಂದೇ ಬಗೆಯ ಕೆಲಸ ಕಡಿಮೆ ಅಂತರದಲ್ಲಿ ಮತ್ತೆ ನಡೆದರೆ ಹೊಸ ಟೋಸ್ಟ್ ತೆರೆಯದೆ ಇದ್ದುದನ್ನೇ ತಿದ್ದುತ್ತೇನೆ: ‘1 ಪುಸ್ತಕ ಹಿಂದಿರುಗಿದೆ’ ಎಂಬುದು ‘5 ಪುಸ್ತಕಗಳು ಹಿಂದಿರುಗಿವೆ’ ಎಂದಾಗುತ್ತದೆ, ಗಡಿಯಾರ ಮೊದಲಿನಿಂದ ಆರಂಭವಾಗುತ್ತದೆ. ಏಕವಚನ, ಬಹುವಚನಗಳ ಆಯ್ಕೆಗೆ ಜಾವಾಸ್ಕ್ರಿಪ್ಟ್‌ನಲ್ಲಿ ಇಂಟ್ಲ್ ಪ್ಲೂರಲ್‌ರೂಲ್ಸ್ ಇದೆ. ಕನ್ನಡಕ್ಕೆ ಅದರಲ್ಲಿ ಎರಡೇ ವರ್ಗಗಳು, ಮತ್ತು ಸೊನ್ನೆಯೂ ಒಂದರ ವರ್ಗಕ್ಕೇ ಸೇರುತ್ತದೆ. ‘0 ಪುಸ್ತಕ ಬಾಕಿ ಇದೆ’ ಎಂದು ಯಾರೂ ಬರೆಯುವುದಿಲ್ಲವಾದ್ದರಿಂದ ಸೊನ್ನೆಗೆ ‘ಯಾವ ಪುಸ್ತಕವೂ ಬಾಕಿ ಇಲ್ಲ’ ಎಂಬ ಬೇರೆಯೇ ವಾಕ್ಯವಿದೆ. ವಿಭಕ್ತಿ ಪ್ರತ್ಯಯಗಳ ಬಗ್ಗೆಯೂ ಎಚ್ಚರ ಬೇಕು. ಹೆಸರಿಗೆ ‘ಗೆ’, ‘ಇಗೆ’, ‘ನಿಗೆ’ಗಳಲ್ಲಿ ಯಾವುದು ಸೇರಬೇಕೆಂದು ಕೋಡ್ ಊಹಿಸಹೊರಟರೆ ಓದುಗರ ಕಣ್ಣಿಗೆ ಕುಕ್ಕುವ ರೂಪಗಳು ಹುಟ್ಟುತ್ತವೆ. ಸದಸ್ಯರ ಹೆಸರಿನ ಮುಂದೆ ‘ಅವರಿಗೆ’ ಎಂದು ಬಿಡಿಸಿ ಬರೆಯುವುದು, ಪುಸ್ತಕದ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಅದರ ಮುಂದೆ ‘ಪುಸ್ತಕವನ್ನು’ ಎಂದು ಬರೆಯುವುದು, ಈ ಎರಡು ಅಭ್ಯಾಸಗಳಿಂದ ಸಂದೇಶಗಳು ಮರ್ಯಾದೆಯ ಕನ್ನಡದಲ್ಲಿ ಉಳಿಯುತ್ತವೆ. ಪುಸ್ತಕದ ಹೆಸರು ಯಾರೋ ಟೈಪ್ ಮಾಡಿದ್ದು, ಆದ್ದರಿಂದ ಅದನ್ನು ಪಠ್ಯವನ್ನು ಕೋಡ್‌ನಂತೆ ಓದುವ ಇನ್ನರ್‌ಎಚ್‌ಟಿಎಂಎಲ್ ಮೂಲಕ ಎಂದೂ ಸೇರಿಸದೆ, ಬರಿಯ ಪಠ್ಯವಾಗಿಯೇ ಇಡುವ ಟೆಕ್ಸ್ಟ್‌ಕಂಟೆಂಟ್ ಮೂಲಕವೇ ಸೇರಿಸಬೇಕು. ಇಲ್ಲವಾದರೆ ಟೋಸ್ಟ್ ದುಷ್ಟ ಸ್ಕ್ರಿಪ್ಟ್‌ಗಳಿಗೆ ಬಾಗಿಲಾಗುತ್ತದೆ.

ಕನ್ನಡ ಲಿಪಿಗೆ ಎತ್ತರ ಬೇಕು. ಇಂಗ್ಲಿಷಿಗೆ ಹೊಂದಿಸಿದ 1.2ರ ಲೈನ್-ಹೈಟ್ (ಸಾಲಿನ ಎತ್ತರ) ಇಟ್ಟು ಓವರ್‌ಫ್ಲೋ (ಹೊರಚಾಚಿದ ಭಾಗ) ಮರೆಮಾಡಿದರೆ ‘ರಾಷ್ಟ್ರ’, ‘ಶಾಸ್ತ್ರ’ ಮುಂತಾದ ಪದಗಳ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ, ನಾನು 1.7 ಇಟ್ಟಿದ್ದೇನೆ. ಅಗಲವನ್ನು ಸಿಎಚ್ ಅಳತೆಯಲ್ಲಿ ಕೊಡುವವರು ಆ ಅಳತೆ ಸೊನ್ನೆಯ ಅಂಕಿಯ ಅಗಲದ ಮೇಲೆ ನಿಂತಿದೆ ಎಂಬುದನ್ನು ನೆನಪಿಡಬೇಕು, ನಮ್ಮ ಅಕ್ಷರಗಳು ಬಹುತೇಕ ಅದಕ್ಕಿಂತ ಅಗಲ. ಸಂದೇಶ ಎರಡು ಸಾಲಿಗೆ ಹರಿದರೂ ಚಿಂತೆಯಿಲ್ಲ, ಮೂರು ಚುಕ್ಕಿ ಹಾಕಿ ಮೊಟಕುಗೊಳಿಸಬಾರದು. ಯಶಸ್ಸನ್ನು ಹಸಿರು ಬಣ್ಣವೊಂದರಿಂದಲೇ ತಿಳಿಸದೆ ಗುರುತನ್ನೂ ಪದವನ್ನೂ ಇಟ್ಟಿದ್ದೇನೆ. ಚಲನೆ ಕಡಿಮೆ ಇರಲಿ ಎಂದು ತಮ್ಮ ಸಾಧನದಲ್ಲಿ ಆರಿಸಿಕೊಂಡವರಿಗೆ ಟೋಸ್ಟ್ ಜಾರಿ ಬರುವುದಿಲ್ಲ, ಸುಮ್ಮನೆ ಮೂಡುತ್ತದೆ.

ಜಾಗದ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆಯಾಯಿತು. ಮೊಬೈಲಿನಲ್ಲಿ ಕೆಳಭಾಗ ಹೆಬ್ಬೆರಳಿಗೆ ಹತ್ತಿರ, ಆದರೆ ಅಲ್ಲಿಯೇ ‘ಉಳಿಸಿ’ ಬಟನ್ ಇದೆ, ಟೈಪ್ ಮಾಡುವಾಗ ಕೀಬೋರ್ಡ್ ಏಳುವುದೂ ಅಲ್ಲಿಯೇ. 2023ರ ಡಬ್ಲ್ಯೂಸಿಎಜಿ 2.2ರಲ್ಲಿ ಸೇರಿದ 2.4.11ನೆಯ ಮಾನದಂಡದ ಪ್ರಕಾರ, ಕೀಬೋರ್ಡ್ ಫೋಕಸ್ ಇರುವ ಅಂಶವನ್ನು ನಾವು ಇಟ್ಟ ವಸ್ತು ಪೂರ್ತಿಯಾಗಿ ಮುಚ್ಚಬಾರದು. ಆದ್ದರಿಂದ ಮೊಬೈಲಿನಲ್ಲಿ ಟೋಸ್ಟ್ ಮೇಲಿನ ಪಟ್ಟಿಯ ಕೆಳಗೆ, ದೊಡ್ಡ ಪರದೆಯಲ್ಲಿ ಏನೂ ಇಲ್ಲದ ಬಲ ಅಂಚಿನಲ್ಲಿ ಬರುತ್ತದೆ.

ಟೋಸ್ಟ್‌ನಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಂಡದ್ದು ‘ರದ್ದುಮಾಡಿ’ ಬಟನ್. ಮೊದಲು ದಾಖಲೆ ಅಳಿಸುವಾಗ ‘ಖಚಿತವೇ?’ ಎಂಬ ಪ್ರಶ್ನೆ ಬರುತ್ತಿತ್ತು, ಅದಕ್ಕೂ ಪಳಗಿದ ಬೆರಳೇ ಉತ್ತರಿಸುತ್ತಿತ್ತು. ಈಗ ಪ್ರಶ್ನೆಯಿಲ್ಲ, ಅಳಿಸಿದ್ದು ಕೂಡಲೇ ಪಟ್ಟಿಯಿಂದ ಹೋಗುತ್ತದೆ, ಆದರೆ ಸರ್ವರ್ ಅದಕ್ಕೆ ಅಳಿಸಿದ ಗುರುತು ಹಾಕಿ ಇಟ್ಟುಕೊಂಡಿರುತ್ತದೆ. ಜಿಮೇಲ್ ಕಳುಹಿಸಿದ ಪತ್ರವನ್ನು ಹಿಂಪಡೆಯಲು 30 ಸೆಕೆಂಡಿನವರೆಗೆ ಅವಕಾಶ ಕೊಡುತ್ತದೆ, ನಮ್ಮ ಪುಸ್ತಕ ಭಂಡಾರಕ್ಕೆ ಅಷ್ಟು ಅವಸರವೂ ಇಲ್ಲ. ಬಟನ್ ಇರುವ ಟೋಸ್ಟ್‌ಗೆ ಕಾಲಮಿತಿಯನ್ನೇ ಇಟ್ಟಿಲ್ಲ, ಬಳಕೆದಾರರು ಮುಚ್ಚಿದಾಗ ಮಾತ್ರ ಹೋಗುತ್ತದೆ. ಫೋಕಸ್ ಅದರೊಳಗಿದ್ದು ಮುಚ್ಚಿದರೆ ಮೊದಲಿದ್ದ ಜಾಗಕ್ಕೇ ಮರಳುತ್ತದೆ. ಅದನ್ನು ಮುಚ್ಚಿದವರಿಗೂ ದಾರಿ ಇದೆ: ‘ಇಂದಿನ ಕೆಲಸಗಳು’ ಎಂಬ ಪುಟದಲ್ಲಿ ಪ್ರತಿ ಟೋಸ್ಟ್‌ನ ಪಠ್ಯವೂ ಸಮಯದ ಸಹಿತ ದಾಖಲಾಗುತ್ತದೆ, ಅದೇ ರದ್ದುಮಾಡುವ ಬಟನ್ ಅಲ್ಲಿಯೂ ಇದೆ. ಬಂದು ಹೋದದ್ದನ್ನು ಓದಲಾಗದವರು ಆ ಪುಟವನ್ನು ತೆರೆದು ನಿಧಾನವಾಗಿ ಓದಬಹುದು.

ಸದಸ್ಯರ ಕಡೆಯಿಂದ ಒಂದು ಅಗತ್ಯ ಬಾಕಿ ಇದೆ. ಅನೇಕರು ಪುಸ್ತಕವನ್ನು ಕಾದಿರಿಸುವುದು ಬೆಳಗಿನ ಲೋಕಲ್ ರೈಲಿನಲ್ಲಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿರುತ್ತದೆ. ಬಟನ್ ಒತ್ತಿದ ಕೂಡಲೇ ‘ಕಾದಿರಿಸಲಾಗಿದೆ’ ಎಂಬ ಟೋಸ್ಟ್ ತೋರಿಸಿದರೆ ಅಪ್ಲಿಕೇಶನ್ ಚುರುಕಾಗಿ ಕಾಣುತ್ತದೆ, ಆದರೆ ಸರ್ವರಿಗೆ ಕೋರಿಕೆ ತಲುಪದೆ ಹೋದರೆ ನಾವು ಸುಳ್ಳು ಹೇಳಿದಂತಾಗುತ್ತದೆ, ಆ ಸದಸ್ಯರು ಭಾನುವಾರ ಬಂದು ಬರಿಗೈಯಲ್ಲಿ ಮರಳುತ್ತಾರೆ. ಬ್ರೌಸರಿನ ನ್ಯಾವಿಗೇಟರ್ ಆನ್‌ಲೈನ್ ಎಂಬ ಗುಣವನ್ನೂ ನಂಬಲಾಗದು, ಸಾಧನವು ಯಾವುದೋ ಜಾಲಕ್ಕೆ ಜೋಡಣೆಯಾಗಿದೆ ಎಂಬುದಷ್ಟನ್ನೇ ಅದು ಹೇಳಬಲ್ಲದು. ಹಾಗಾಗಿ ಸರ್ವರಿನ ಉತ್ತರ ಕೈಸೇರಿದ ಮೇಲೆಯೇ ಟೋಸ್ಟ್. ಅಲ್ಲಿಯವರೆಗೆ ಪುಸ್ತಕದ ಹೆಸರಿನ ಪಕ್ಕದಲ್ಲಿ ‘ಕಳುಹಿಸಲಾಗುತ್ತಿದೆ’ ಎಂದು ಕಾಣುತ್ತಿರುತ್ತದೆ, ವಿಫಲವಾದರೆ ಅದೇ ಜಾಗದಲ್ಲಿ ‘ಮತ್ತೆ ಕಳುಹಿಸಿ’ ಎಂಬ ಬಟನ್ ನಿಲ್ಲುತ್ತದೆ. ಒಂದೇ ಕೋರಿಕೆ ಎರಡು ಸಲ ತಲುಪಿದರೂ ಒಂದೇ ಪುಸ್ತಕ ಕಾದಿರಿಸುವಂತೆ ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಕೊಡುವ ಕೆಲಸವನ್ನು ಸರ್ವರಿನಲ್ಲಿ ಈಗ ಮಾಡುತ್ತಿದ್ದೇನೆ.